ಸಾಫ್ಟ್‌ವೇರ್ ಡಾಕ್ಯುಮೆಂಟೇಶನ್‌ಗೆ ಓಪನ್ ಸೋರ್ಸ್ ಟೂಲ್ ಆರಿಸುವುದು ಹೇಗೆ?

ತಂಡದಲ್ಲಿ ಡಾಕ್ಯುಮೆಂಟೇಶನ್ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ‘ಯಾವ ಟೂಲ್ ಚೆನ್ನಾಗಿದೆ?’ ಅಂತ. ಡಾಕ್ಸಿಜನ್, ಸ್ಫಿಂಕ್ಸ್, ಎಂಕೆಡಾಕ್ಸ್, ಡಾಕ್ಯುಸಾರಸ್ ಹೀಗೆ ಹೆಸರುಗಳಿಗೇನೂ ಬರವಿಲ್ಲ. ಎಲ್ಲವೂ ಉಚಿತ, ಎಲ್ಲದರ ಡೆಮೊ ಪುಟವೂ ಚೆಂದ. ಡೆಮೊ ನೋಡಿ ಆರಿಸಿದರೆ ಸ್ವಲ್ಪ ದಿನಕ್ಕೇ ಟೂಲ್ ಮೂಲೆ ಸೇರುತ್ತದೆ. ಯಾರು ಓದುತ್ತಾರೆ, ಬರಹ ಎಲ್ಲಿ ಇರುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ. ಆಮೇಲೆ ಟೂಲ್ ಆರಿಸುವುದು ಅಷ್ಟು ಕಷ್ಟವಲ್ಲ.

ಮೊದಲು ಓದುವವರನ್ನು ಗೊತ್ತುಮಾಡಿಕೊಳ್ಳಿ

ನಿಮ್ಮ ಲೈಬ್ರರಿಯನ್ನು ತಮ್ಮ ಕೋಡ್‌ನಲ್ಲಿ ಬಳಸುವ ಪ್ರೋಗ್ರಾಮರ್‌ಗಳಿಗೆ ಬೇಕಾಗುವುದು ರೆಫರೆನ್ಸ್. ಈ ಫಂಕ್ಷನ್‌ಗೆ ಏನು ಕೊಡಬೇಕು, ಏನು ವಾಪಸ್ ಬರುತ್ತದೆ, ಯಾವಾಗ ಎರರ್ ಬರುತ್ತದೆ, ಇಷ್ಟೇ. ಇಂಥ ಬರಹ ಕೋಡ್‌ನೊಳಗೆ ಕಾಮೆಂಟ್ ಆಗಿಯೇ ಇರಬೇಕು. ಫಂಕ್ಷನ್ ಬದಲಾಯಿಸುವವರ ಕಣ್ಣಿಗೆ ಕಾಮೆಂಟ್ ಕೂಡ ಬಿದ್ದರೆ ಮಾತ್ರ ಎರಡೂ ಒಟ್ಟಿಗೆ ಬದಲಾಗುತ್ತವೆ.

ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ ನಡೆಸುವವರಿಗೆ ರೆಫರೆನ್ಸ್ ಕೊಟ್ಟು ಪ್ರಯೋಜನವಿಲ್ಲ. ಅವರಿಗೆ ಗೈಡ್ ಬೇಕು, ಅದನ್ನು ಮನುಷ್ಯರೇ ಕೂತು ಬರೆಯಬೇಕು. ಬರೆದ ಪುಟಗಳನ್ನು ಜೋಡಿಸಿ, ಮೆನು ಮತ್ತು ಹುಡುಕಾಟ ಸೇರಿಸಿ ಸೈಟ್ ಮಾಡಿಕೊಡುವುದಷ್ಟೇ ಟೂಲ್ ಕೆಲಸ.

ಹಾಗಾಗಿ ಟೂಲ್‌ಗಳಲ್ಲಿ ಎರಡು ಜಾತಿ: ಕೋಡ್‌ನಿಂದ ಬರಹ ಹೆಕ್ಕುವಂಥವು, ಬರೆದ ಪುಟಗಳಿಂದ ಸೈಟ್ ಕಟ್ಟುವಂಥವು. ಎರಡೂ ಬೇಕಾಗುವ ತಂಡಗಳೇ ಜಾಸ್ತಿ. ಆಗಲೂ ಯಾವುದು ಮುಖ್ಯ ಅಂತ ಒಂದನ್ನು ಆರಿಸಿಕೊಳ್ಳಿ.

ಆಮೇಲೆ ಪ್ರೋಗ್ರಾಮಿಂಗ್ ಭಾಷೆ ನೋಡಿ

ಜಾವಾ ಬಳಸುವವರು ಹುಡುಕಾಡಬೇಕಿಲ್ಲ, ಜಾವಾಡಾಕ್ ಎಂಬ ಟೂಲ್ ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯಲು ಹಾಕಿಕೊಳ್ಳುವ ಕಿಟ್) ಜೊತೆಯಲ್ಲೇ ಬರುತ್ತದೆ. ರಸ್ಟ್‌ನಲ್ಲಿ ರಸ್ಟ್‌ಡಾಕ್ ಇದೆ. ಟೈಪ್‌ಸ್ಕ್ರಿಪ್ಟ್‌ಗೆ ಟೈಪ್‌ಡಾಕ್ ಸಾಕು.

ಸಿ ಮತ್ತು ಸಿ ಪ್ಲಸ್ ಪ್ಲಸ್‌ನವರಿಗೆ ಡಾಕ್ಸಿಜನ್. ಡಿಮಿಟ್ರಿ ವಾನ್ ಹೀಶ್ 1997ರಲ್ಲಿ ಶುರುಮಾಡಿದ ಈ ಟೂಲ್ ಇವತ್ತಿಗೂ ಗಟ್ಟಿಯಾಗಿದೆ. ಮೊದಲ ಸಲ ಓಡಿಸಿದಾಗ ಡಾಕ್ಸಿಫೈಲ್ ಎಂಬ ಸೆಟ್ಟಿಂಗ್ಸ್ ಫೈಲ್ ಮಾಡಿಸಿಕೊಳ್ಳಿ. ಅದರಲ್ಲಿ ‘ರಿಕರ್ಸಿವ್’ ಎಂಬ ಸಾಲಿಗೆ ‘ನೋ’ ಅಂತ ಇರುತ್ತದೆ. ಅದನ್ನು ‘ಯೆಸ್’ ಮಾಡದಿದ್ದರೆ ಒಳಗಿನ ಫೋಲ್ಡರ್‌ಗಳನ್ನು ಟೂಲ್ ನೋಡುವುದೇ ಇಲ್ಲ. ಪುಟಗಳು ಖಾಲಿ ಖಾಲಿ ಬಂದರೆ ಮೊದಲು ಇಲ್ಲಿ ನೋಡಿ.

‘ಎಕ್ಸ್‌ಟ್ರಾಕ್ಟ್ ಆಲ್’ ಎಂಬ ಇನ್ನೊಂದು ಸಾಲಿನ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಅದನ್ನು ಆನ್ ಮಾಡಿದರೆ ಕಾಮೆಂಟ್ ಇಲ್ಲದ ಫಂಕ್ಷನ್‌ಗಳಿಗೂ ಪುಟ ಬರುತ್ತದೆ, ನೋಡಲು ತುಂಬಿದ ಹಾಗೆ ಕಾಣುತ್ತದೆ. ಆದರೆ ‘ಇದಕ್ಕೆ ಕಾಮೆಂಟ್ ಬರೆದಿಲ್ಲ’ ಎಂಬ ಎಚ್ಚರಿಕೆಗಳು ಆಗ ತಾವಾಗಿಯೇ ನಿಂತುಹೋಗುತ್ತವೆ. ಹಳೆಯ ಕೋಡ್ ಅರ್ಥ ಮಾಡಿಕೊಳ್ಳಲು ಆನ್ ಮಾಡಿ, ಹೊಸದಾಗಿ ಬರೆಯಿಸುತ್ತಿರುವಾಗ ಆಫ್ ಇಡಿ.

ಪೈಥಾನ್ ತಂಡಗಳಿಗೆ ನನ್ನ ಸಲಹೆ ಸ್ಫಿಂಕ್ಸ್. ಪೈಥಾನ್ ಭಾಷೆಯ ಸ್ವಂತ ಡಾಕ್ಯುಮೆಂಟೇಶನ್‌ಗಾಗಿಯೇ ಗೇಯೋರ್ಗ್ ಬ್ರಾಂಡ್ಲ್ ಇದನ್ನು ಕಟ್ಟಿದರು, ಹೊರಬಂದಿದ್ದು 2008ರಲ್ಲಿ. ಲಿನಕ್ಸ್ ಕರ್ನೆಲ್ ಕೂಡ 2016ರಲ್ಲಿ, 4.8ನೇ ಆವೃತ್ತಿಯಿಂದ ಸ್ಫಿಂಕ್ಸ್ ಕಡೆಗೆ ಬಂತು. ಕೋಡ್‌ನಿಂದ ಹೆಕ್ಕುವುದು, ಮನುಷ್ಯರು ಬರೆದ ಪುಟ ಜೋಡಿಸುವುದು ಎರಡನ್ನೂ ಮಾಡುತ್ತದೆ. ‘ಬ್ರೀದ್’ ಎಂಬ ಪ್ಲಗಿನ್ ಹಾಕಿದರೆ ಡಾಕ್ಸಿಜನ್ ಹೆಕ್ಕಿದ್ದನ್ನೂ ತನ್ನ ಪುಟಗಳಲ್ಲಿ ಸೇರಿಸಿಕೊಳ್ಳುತ್ತದೆ.

ಒಂದು ವಿಷಯ ನೆನಪಿರಲಿ. ಡಾಕ್ಸಿಜನ್ ಕೋಡ್ ಫೈಲನ್ನು ಸುಮ್ನೆ ಓದುತ್ತದೆ. ಸ್ಫಿಂಕ್ಸ್‌ನ ಆಟೋಡಾಕ್ (ಕೋಡ್‌ನಿಂದ ಬರಹ ಹೆಕ್ಕುವ ಭಾಗ) ಹಾಗಲ್ಲ, ಮಾಡ್ಯೂಲನ್ನು, ಅಂದರೆ ಕೋಡ್ ಫೈಲನ್ನು, ನಿಜವಾಗಿ ಇಂಪೋರ್ಟ್ ಮಾಡುತ್ತದೆ, ಅಂದರೆ ಓಡಿಸಿಯೇ ನೋಡುತ್ತದೆ. ನಿಮ್ಮ ಮಾಡ್ಯೂಲ್ ಇಂಪೋರ್ಟ್ ಆದ ತಕ್ಷಣ ಡೇಟಾಬೇಸ್‌ಗೆ ಕನೆಕ್ಟ್ ಆಗುವ ಹಾಗಿದ್ದರೆ, ಡಾಕ್ಯುಮೆಂಟೇಶನ್ ಬಿಲ್ಡ್ ಮಾಡುವಾಗಲೂ (ಅಂದರೆ ಪುಟಗಳನ್ನು ತಯಾರಿಸುವಾಗಲೂ) ಕನೆಕ್ಟ್ ಆಗಲು ಹೋಗುತ್ತದೆ! ಕನೆಕ್ಷನ್ ಕೋಡನ್ನು ಫಂಕ್ಷನ್ ಒಳಗೆ ಸರಿಸುವುದು ಸರಿಯಾದ ದಾರಿ. ಹೊರಗಿನ ಲೈಬ್ರರಿ ಸಿಗದೆ ಬಿಲ್ಡ್ ನಿಂತರೆ, ಅದಕ್ಕೆ ನಕಲಿ ಇಂಪೋರ್ಟ್ ಕೊಡುವ ಸೆಟ್ಟಿಂಗ್ ಸ್ಫಿಂಕ್ಸ್‌ನಲ್ಲೇ ಇದೆ.

ಬರೀ ಗೈಡ್ ಸಾಕು ಅನ್ನುವವರಿಗೆ

ಸ್ಫಿಂಕ್ಸ್‌ನ ಮೂಲ ಬರವಣಿಗೆಯ ಶೈಲಿ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್. ಕಲಿಯಲು ಸ್ವಲ್ಪ ಸಮಯ ಬೇಕು. ಮಾರ್ಕ್‌ಡೌನ್ (ಸರಳ ಗುರುತುಗಳಿಂದ ತಲೆಬರಹ, ಪಟ್ಟಿ ಬರೆಯುವ ಶೈಲಿ) ಮಾತ್ರ ಗೊತ್ತಿರುವ ತಂಡಕ್ಕೆ ಎಂಕೆಡಾಕ್ಸ್ ಸುಲಭ. ಒಂದು ಸೆಟ್ಟಿಂಗ್ಸ್ ಫೈಲ್, ಒಂದು ಫೋಲ್ಡರ್ ತುಂಬ ಮಾರ್ಕ್‌ಡೌನ್ ಪುಟಗಳು, ಅಷ್ಟೇ. ಬರೆಯುತ್ತಾ ಹೋದ ಹಾಗೆ ಬ್ರೌಸರ್‌ನಲ್ಲಿ ಪುಟ ಬದಲಾಗುವುದನ್ನು ನೋಡಬಹುದು. ಕೋಡ್ ಬರೆಯದ ಸಪೋರ್ಟ್ ತಂಡದವರಿಗೂ ಒಂದು ಮಧ್ಯಾಹ್ನದಲ್ಲಿ ಹೇಳಿಕೊಡಬಹುದು.

ಫೇಸ್‌ಬುಕ್ 2017ರಲ್ಲಿ ಬಿಡುಗಡೆ ಮಾಡಿದ ಡಾಕ್ಯುಸಾರಸ್‌ನಲ್ಲಿ ಹಳೆಯ ಆವೃತ್ತಿಗಳ ಪುಟಗಳನ್ನು ಹಾಗೆಯೇ ಉಳಿಸಿಕೊಳ್ಳುವ ವ್ಯವಸ್ಥೆ ಚೆನ್ನಾಗಿದೆ. ಗ್ರಾಹಕರಲ್ಲಿ ಕೆಲವರು ಇನ್ನೂ ಹಳೆಯ ಆವೃತ್ತಿಯಲ್ಲೇ ಇದ್ದರೆ ಇದು ನಿಜಕ್ಕೂ ಉಪಯೋಗ. ಆದರೆ ಇದು ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಮೇಲೆ ಕಟ್ಟಿದ್ದು, ಓಡಲು ನೋಡ್ ಜೆಎಸ್ ಬೇಕು. ನೋಡ್ ಜೆಎಸ್ ಅಪ್‌ಡೇಟ್‌ಗಳನ್ನು ನೋಡಿಕೊಳ್ಳುವವರು ತಂಡದಲ್ಲಿ ಇಲ್ಲದಿದ್ದರೆ ಬೇಡ.

ಟೂಲ್‌ಗೆ ಗೊತ್ತಾಗದ ಸಂಗತಿ

ಬಡ್ಡಿ ಲೆಕ್ಕ ಹಾಕುವ ಒಂದು ಫಂಕ್ಷನ್ ಇದೆ ಅಂದುಕೊಳ್ಳಿ. ಅಸಲು, ದರ, ವರ್ಷ ಅಂತ ಮೂರು ಸಂಖ್ಯೆ ತೆಗೆದುಕೊಳ್ಳುತ್ತದೆ. ಯಾವ ಟೂಲ್ ಆದರೂ ಈ ಮೂರು ಹೆಸರು ಹೆಕ್ಕಿ ನೀಟಾದ ಪಟ್ಟಿ ಮಾಡಿಕೊಡುತ್ತದೆ. ಆದರೆ ಶೇ 8ರ ದರಕ್ಕೆ 8 ಅಂತ ಕೊಡಬೇಕೋ 0.08 ಅಂತ ಕೊಡಬೇಕೋ? ಓದುವವರಿಗೆ ಬೇಕಾದದ್ದು ಅದೊಂದೇ, ಪಟ್ಟಿಯಲ್ಲಿ ಇಲ್ಲದ್ದೂ ಅದೊಂದೇ. ‘ದರ: ಬಡ್ಡಿ ದರ’ ಅಂತ ಕಾಮೆಂಟ್ ಬರೆದರೆ ಬರೆಯದೇ ಇದ್ದ ಹಾಗೆಯೇ. ‘ವರ್ಷಕ್ಕೆ ಶೇಕಡಾ ಎಷ್ಟು ಅಂತ ಕೊಡಿ, ಉದಾಹರಣೆಗೆ 8’ ಅಂತ ಬರೆಯಿರಿ. ಕೆಳಗೇ ಒಂದು ಉದಾಹರಣೆ ಇರಲಿ: 10,000 ರೂಪಾಯಿ, ದರ 8, 2 ವರ್ಷ, ಸರಳ ಬಡ್ಡಿ 1,600.

ಇಲ್ಲಿಂದ ಮುಂದೆ ಟೂಲ್ ಸಹಾಯಕ್ಕೆ ಬರುತ್ತದೆ. ಪೈಥಾನ್‌ನ ಡಾಕ್‌ಟೆಸ್ಟ್ ಕಾಮೆಂಟ್‌ನಲ್ಲಿರುವ ಆ ಉದಾಹರಣೆಯನ್ನೇ ಓಡಿಸಿ, ಉತ್ತರ 1,600 ಬರದಿದ್ದರೆ ಎರರ್ ಕೊಡುತ್ತದೆ. ರಸ್ಟ್‌ನಲ್ಲೂ ಈ ಸೌಲಭ್ಯ ಇದೆ. ನನ್ನನ್ನು ಕೇಳಿದರೆ, ಸೈಟ್‌ನ ಅಂದಚೆಂದ ತೀರ್ಮಾನಿಸುವ ಥೀಮ್‌ಗಿಂತ ಇದಕ್ಕೆ ಹತ್ತು ಪಟ್ಟು ಜಾಸ್ತಿ ಬೆಲೆ ಕೊಡಬೇಕು.

ಅರ್ಧ ದಿನ ಪರೀಕ್ಷೆ ಮಾಡಿ

ಎರಡು ಟೂಲ್ ಆರಿಸಿ, ನಿಮ್ಮದೇ ಪುಟ ಹಾಕಿ ನೋಡಿ. ಸುಲಭದ ಪುಟ ಬೇಡ. ದೊಡ್ಡ ಟೇಬಲ್, ಉದ್ದದ ಕೋಡ್, ಚಿತ್ರ ಎಲ್ಲ ಇರುವ ಅತಿ ಕಷ್ಟದ ಪುಟವನ್ನೇ ತೆಗೆದುಕೊಳ್ಳಿ. ಮೊಬೈಲ್‌ನಲ್ಲಿ ತೆರೆಯಿರಿ. ಒಂದು ಲಿಂಕನ್ನು ಬೇಕಂತಲೇ ಕೆಡಿಸಿ, ಟೂಲ್ ಹಿಡಿಯುತ್ತದೆಯೇ ನೋಡಿ. ಸ್ಫಿಂಕ್ಸ್‌ನಲ್ಲಿ ಹೊರಗಿನ ಲಿಂಕ್‌ಗಳನ್ನು ಪರೀಕ್ಷಿಸಲು ಬೇರೆಯೇ ಆದೇಶ ಇದೆ. ಎಂಕೆಡಾಕ್ಸ್‌ನಲ್ಲಿ ‘ಸ್ಟ್ರಿಕ್ಟ್’ ಆಯ್ಕೆ ಕೊಟ್ಟರೆ ಎಚ್ಚರಿಕೆ ಬಂದಲ್ಲಿ ಬಿಲ್ಡ್ ನಿಲ್ಲುತ್ತದೆ.

ಕನ್ನಡದಲ್ಲಿ ಕೈಪಿಡಿ ಕೊಡುವ ಯೋಚನೆ ಇದ್ದರೆ ಕನ್ನಡದ್ದೇ ಒಂದು ಪುಟ ಹಾಕಿ ಪಿಡಿಎಫ್ ತೆಗೆಯಿರಿ. ಸ್ಫಿಂಕ್ಸ್ ಪಿಡಿಎಫ್ ಮಾಡುವುದು ಲೇಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶದ ಮೂಲಕ. ಸಾಮಾನ್ಯವಾಗಿ ಬಳಸುವ ಪಿಡಿಎಫ್‌ಲೇಟೆಕ್‌ಗೆ ಕನ್ನಡ ಒತ್ತಕ್ಷರ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದರ ಬದಲು ಝೀಲೇಟೆಕ್ ಆರಿಸಿ, ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಕೊಡಿ. ಅನುವಾದದ ವಿಷಯದಲ್ಲಿ ಸ್ಫಿಂಕ್ಸ್ ನನಗೆ ತುಂಬ ಇಷ್ಟ. ಮೂಲ ಬರಹವನ್ನು ತುಂಡು ತುಂಡಾಗಿ ಅನುವಾದದ ಫೈಲಿಗೆ ಹಾಕಿಕೊಡುತ್ತದೆ. ಮೂಲ ಬದಲಾದರೆ ಅಷ್ಟು ಭಾಗದ ಹಳೆಯ ಅನುವಾದ ತೋರಿಸುವುದು ಬಿಟ್ಟು ಇಂಗ್ಲಿಷನ್ನೇ ತೋರಿಸುತ್ತದೆ. ತಪ್ಪು ಕನ್ನಡ ಓದಿ ಯಾರೂ ದಾರಿ ತಪ್ಪುವುದಿಲ್ಲ.

ಲೈಸೆನ್ಸ್, ನಿರ್ವಹಣೆ

ಡಾಕ್ಸಿಜನ್ ಜಿಪಿಎಲ್‌ನಲ್ಲಿದೆ (ಬದಲಾಯಿಸಿ ಹಂಚಿದರೆ ಕೋಡನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು ಎನ್ನುವ ಲೈಸೆನ್ಸ್) ಅಂತ ಕೆಲವು ಕಂಪನಿಗಳು ಹಿಂಜರಿಯುತ್ತವೆ. ಅದು ತಯಾರಿಸಿದ ಪುಟಗಳಿಗೆ ಜಿಪಿಎಲ್ ಅನ್ವಯಿಸುವುದಿಲ್ಲ, ಹೆದರಬೇಡಿ. ನಿರ್ವಹಣೆ ಹೇಗಿದೆ ಅಂತ ಮಾತ್ರ ಖಂಡಿತ ನೋಡಿ. ಎಂಕೆಡಾಕ್ಸ್‌ನ ಜನಪ್ರಿಯ ಥೀಮ್ ‘ಮೆಟೀರಿಯಲ್’ ಮಾಡಿದ ತಂಡವೇ 2025ರಲ್ಲಿ ಝೆನ್ಸಿಕಲ್ ಎಂಬ ಹೊಸ ಟೂಲ್ ಶುರುಮಾಡಿತು, ಹಳೆಯದಕ್ಕೆ ಇನ್ನು ಹೊಸ ಸೌಲಭ್ಯ ಇಲ್ಲ ಎಂದಿತು. ಹೀಗಾದಾಗ ನಿಮ್ಮ ಬರಹ ಮಾಮೂಲಿ ಮಾರ್ಕ್‌ಡೌನ್‌ನಲ್ಲಿದ್ದರೆ ಬೇರೆ ಕಡೆಗೆ ಸಾಗಿಸುವುದು ಸುಲಭ. ಆ ಟೂಲ್‌ಗಷ್ಟೇ ಅರ್ಥವಾಗುವ ವಿಶೇಷ ಗುರುತುಗಳು ಕಡಿಮೆ ಇದ್ದಷ್ಟೂ ಒಳ್ಳೆಯದು.

ಕೊನೆಗೆ, ಬಿಲ್ಡನ್ನು ಕೋಡ್ ಇರುವ ಗಿಟ್ ರೆಪೊಸಿಟರಿಗೇ (ಕೋಡ್ ಮತ್ತು ಅದರ ಬದಲಾವಣೆಗಳನ್ನು ಇಡುವ ಜಾಗ) ಜೋಡಿಸಿ, ಪ್ರತಿ ಬದಲಾವಣೆಗೂ ತಾನಾಗಿ ಓಡಲಿ. ಓಪನ್ ಸೋರ್ಸ್ ಕೋಡ್ ಆದರೆ ರೀಡ್ ದ ಡಾಕ್ಸ್ ಅಥವಾ ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಇಡಬಹುದು. ಕಂಪನಿಯ ಒಳಗಿನದಾದರೆ ಹೊರಬರುವ ಎಚ್‌ಟಿಎಂಎಲ್ ಫೈಲ್‌ಗಳನ್ನು ಒಳಗಿನ ಸರ್ವರ್‌ಗೆ ಕಾಪಿ ಮಾಡಿದರೆ ಆಯಿತು. ಎಲ್ಲೇ ಇಟ್ಟರೂ, ಹೊರಗೆ ಬಿಡುವ ಮುಂಚೆ ಉದಾಹರಣೆಗಳಲ್ಲಿ ನಿಜವಾದ ಪಾಸ್‌ವರ್ಡ್ ಅಥವಾ ಸರ್ವರ್ ವಿಳಾಸ ಉಳಿದಿದೆಯೇ ಅಂತ ಒಮ್ಮೆ ಹುಡುಕಿ ನೋಡಿ.