ಬಟ್ಟೆ ಡಬ್ಬಕ್ಕೆ ಒಣಗಿದ್ದೇ ಹೋಗಲಿ

ನಮ್ಮ ಬೀದಿಯ ತುದಿಯಲ್ಲಿ ನಗರಸಭೆಯವರು ಹಳೆ ಬಟ್ಟೆಗೆಂದೇ ಒಂದು ಡಬ್ಬ ಇಟ್ಟರು. ಖುಷಿಯಿಂದ ಬೀರು ಖಾಲಿ ಮಾಡಿ, ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ಹಾಕಿ ಬಂದೆ. ಸರಿಯಾಗಿ ಒಣಗದ ಟವೆಲ್ ಕೂಡ ಅದರಲ್ಲಿತ್ತು.

ಆಮೇಲೆ ಒಂದು ದಿನ ಬಟ್ಟೆ ವಿಂಗಡಿಸುವ ಶೆಡ್ ನೋಡಲು ಹೋದೆ. ಅಲ್ಲಿ ಕೆಲಸ ಮಾಡುವ ಅಕ್ಕ ಒಂದು ಚೀಲ ಬಿಚ್ಚಿದರು. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಒಳಗೆ ಒಂದೇ ಒಂದು ಒದ್ದೆ ಬಟ್ಟೆ. ಅದರ ಸುತ್ತ ಇದ್ದ ಏಳೆಂಟು ಒಳ್ಳೆಯ ಅಂಗಿಗಳಿಗೂ ಕಪ್ಪು ಚುಕ್ಕೆಯಾಗಿ ಬೂಷ್ಟು ಹಿಡಿದಿತ್ತು. "ಇದೆಲ್ಲ ಇನ್ನು ಕಸಕ್ಕೇ" ಅಂದರು. ನನ್ನ ಚೀಲದ ಗತಿಯೂ ಇದೇ ಆಗಿರುತ್ತೆ ಅಲ್ವಾ ಅನ್ನಿಸಿ ತುಂಬಾ ಬೇಜಾರಾಯಿತು.

ಈಗ ಒಗೆದು ಬಿಸಿಲಿಗೆ ಹಾಕಿದ ಮೇಲೆ ಕಾಲರ್, ಜೇಬು, ಸೊಂಟದ ಪಟ್ಟಿ ಮುಟ್ಟಿ ನೋಡುತ್ತೇನೆ. ತೇವ ಉಳಿಯುವುದು ಅಲ್ಲೇ. ಉಡಲು ಬರುವಂಥದ್ದು ಒಂದು ಚೀಲ, ಹರಿದದ್ದು ಇನ್ನೊಂದು. ಉಡುವ ಬಟ್ಟೆಯ ಗುಂಡಿ, ಜಿಪ್ ಕೀಳುವುದಿಲ್ಲ. ಅವು ಇದ್ದರೆ ತಾನೇ ಇನ್ನೊಬ್ಬರು ಉಡುವುದು.

ಹರಿದ ಹತ್ತಿ ಬಟ್ಟೆಯನ್ನು ಮೊದಲು ಮನೆಯಲ್ಲೇ ಒರೆಸಲು ಬಳಸುತ್ತೇನೆ. ಹತ್ತಿಯೋ ಪಾಲಿಯೆಸ್ಟರೋ ಗೊತ್ತಾಗದಿದ್ದರೆ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಡುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಹಳೆ ಬಟ್ಟೆಯಿಂದ ಮತ್ತೆ ನೂಲು ಮಾಡುವಾಗ ಎರಡೂ ಬೆರೆತ ಬಟ್ಟೆಯೇ ಕಷ್ಟದ್ದು. ಯಂತ್ರ ಬಟ್ಟೆಯನ್ನು ಹರಿದು ನಾರು ಮಾಡುತ್ತದೆ, ಆದರೆ ಬೆರೆತ ನಾರನ್ನು ಬೇರೆ ಮಾಡಲು ಅದಕ್ಕೆ ಬರುವುದಿಲ್ಲ. ಹರಿದಾಗ ಎಳೆ ಗಿಡ್ಡವಾಗುವುದರಿಂದ ಹೊಸ ನೂಲಿಗೆ ಸಾಮಾನ್ಯವಾಗಿ ಹೊಸ ನಾರನ್ನೂ ಸೇರಿಸಬೇಕಾಗುತ್ತದೆ. ಹಾಗಾಗಿ ಉಡಲು ಬರುವ ಬಟ್ಟೆ ಇನ್ನೊಬ್ಬರ ಮೈಮೇಲೆ ಹೋಗುವುದೇ ಎಲ್ಲಕ್ಕಿಂತ ಒಳ್ಳೆಯದು.

ಸರ್ಕಾರಗಳು ಸುಮ್ನೆ ಕೂತಿಲ್ಲ. ಬಟ್ಟೆ ಮಾರುವ ಕಂಪನಿಗಳೇ ಹಳೆ ಬಟ್ಟೆ ಸಂಗ್ರಹಿಸಿ ವಿಂಗಡಿಸುವ ಖರ್ಚಿಗೂ ದುಡ್ಡು ಕೊಡಬೇಕು ಅಂತ ಫ್ರಾನ್ಸ್ 2007ರಲ್ಲೇ ಶುರು ಮಾಡಿತು. ಐರೋಪ್ಯ ಒಕ್ಕೂಟದ ದೇಶಗಳು 2025ರ ಜನವರಿ 1ರಿಂದ ಬಟ್ಟೆಯನ್ನು ಬೇರೆಯಾಗಿಯೇ ಸಂಗ್ರಹಿಸಬೇಕು. ನನಗೆ ಎರಡೂ ಸರಿ ಅನ್ನಿಸುತ್ತದೆ. ಆದರೆ ಬೇರೆ ಮಾಡಿದ್ದು ಒಣಗಿಯೇ ಶೆಡ್ ಸೇರಬೇಕಲ್ಲ?

ನಮ್ಮ ಡಬ್ಬದ ಮುಚ್ಚಳದ ಸಂದಿಯಲ್ಲಿ ಮಳೆ ನೀರು ಇಳಿಯುತ್ತದೆ. ಸರಿ ಮಾಡಿಸಿ, 'ಒದ್ದೆ ಬಟ್ಟೆ ಹಾಕಬೇಡಿ' ಅಂತ ದೊಡ್ಡದಾಗಿ ಬರೆಸಿ ಎಂದು ಅರ್ಜಿ ಕೊಟ್ಟಿದ್ದೇನೆ. ಅಲ್ಲಿಯವರೆಗೆ ಮಳೆ ಬಂದರೆ ಚೀಲ ಮನೆಯಲ್ಲೇ ಇರುತ್ತದೆ.