ಮನೆಯೊಳಗಿನ ಮಾನ್‌ಸ್ಟೆರಾ ಬಳ್ಳಿಯನ್ನು ಅಳತೆಯಲ್ಲಿ ಬೆಳೆಸುವ ಬಗೆ

ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿ, ಪೂರ್ವದ ಕಿಟಕಿಯ ಪಕ್ಕ, ಆರು ವರ್ಷಗಳಿಂದ ಒಂದು ಮಾನ್‌ಸ್ಟೆರಾ ಬಳ್ಳಿ ಇದೆ. ತಂದಾಗ ಅದಕ್ಕೆ ಇದ್ದದ್ದು ನಾಲ್ಕೇ ಎಲೆ, ಕುಂಡವೂ ಒಂದು ಚೊಂಬಿನಷ್ಟೇ ದೊಡ್ಡದು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅದು ಕಿಟಕಿಯ ಬಾಗಿಲು ಹಾಕಲು ಬಿಡದಷ್ಟು ಹರಡಿ, ಒಳಗೆ ಬರುವವರೆಲ್ಲ ಮೈ ಓರೆ ಮಾಡಿಕೊಂಡು ದಾಟಬೇಕಾಗಿತ್ತು. ಆಗ ನಾನು ಮಾಡಿದ್ದು ಬಹಳಷ್ಟು ಜನ ಮಾಡುವ ತಪ್ಪನ್ನೇ: ನೀರು ಕಡಿಮೆ ಮಾಡಿದೆ, ಗೊಬ್ಬರ ನಿಲ್ಲಿಸಿದೆ, ಬೇರು ಕುಂಡದ ತೂತಿನಿಂದ ಹೊರಗೆ ಇಣುಕಿದರೂ ಕುಂಡ ಬದಲಿಸಲಿಲ್ಲ. ಎಲೆಗಳ ಅಂಚು ಕಂದಿ ಒಣಗಿತೇ ಹೊರತು ಬಳ್ಳಿಯ ಹರವು ಒಂದು ಗೇಣೂ ಕಡಿಮೆಯಾಗಲಿಲ್ಲ. ಹಸಿವಿನಲ್ಲಿಟ್ಟ ಗಿಡ ಸೊರಗುತ್ತದೆ, ಆದರೆ ಕಿರಿದಾಗುವುದಿಲ್ಲ. ಅದರ ಗಾತ್ರವನ್ನು ನಿರ್ಧರಿಸುವುದು ಆಸರೆ, ಬೆಳಕು ಮತ್ತು ಕತ್ತಿ. ಈ ಮೂರನ್ನು ಸರಿಯಾಗಿ ಬಳಸಿದರೆ ಬಳ್ಳಿಯೂ ಸುಖವಾಗಿರುತ್ತದೆ, ಮನೆಯವರೂ ನೆಟ್ಟಗೆ ನಡೆಯಬಹುದು.

ಮಾನ್‌ಸ್ಟೆರಾ ಡೆಲಿಸಿಯೋಸಾ ದಕ್ಷಿಣ ಮೆಕ್ಸಿಕೋದಿಂದ ಪನಾಮಾವರೆಗಿನ ಮಳೆಕಾಡುಗಳ ಬಳ್ಳಿ. ನಮ್ಮ ಕೆಸು, ಸುವರ್ಣಗಡ್ಡೆ ಮತ್ತು ಮನಿ ಪ್ಲಾಂಟ್‌ಗಳದ್ದೇ ಕುಟುಂಬಕ್ಕೆ ಇದೂ ಸೇರುತ್ತದೆ. ತನ್ನ ಕಾಡಿನಲ್ಲಿ ಅದು ಮರವನ್ನು ಅಪ್ಪಿಕೊಂಡು 20 ಮೀಟರ್‌ವರೆಗೂ ಏರಬಲ್ಲದು, ಒಂದೊಂದು ಎಲೆಯೂ 90 ಸೆಂಟಿಮೀಟರ್‌ವರೆಗೆ ಉದ್ದವಾಗಬಲ್ಲದು. ಈ ಕುಲದ ಕೆಲವು ಬಳ್ಳಿಗಳ ಎಳೆಯ ಸಸಿಗಳು ಮೊದಲಿಗೆ ಬೆಳಕಿನತ್ತ ಹೋಗದೆ ಕತ್ತಲೆಯತ್ತ ಹರಿಯುತ್ತವೆ. ಕಾಡಿನಲ್ಲಿ ಕತ್ತಲೆ ಇರುವ ಕಡೆ ದಪ್ಪ ಮರದ ಬುಡವಿರುತ್ತದೆ, ಬುಡ ಸಿಕ್ಕರೆ ಏರುವುದಕ್ಕೆ ದಾರಿ ಸಿಕ್ಕಂತೆ. ಅಡಿಕೆ ತೋಟದವರಿಗೆ ಈ ಸ್ವಭಾವ ಹೊಸದೇನಲ್ಲ. ಕಾಳುಮೆಣಸು ಬೇರೆ ಕುಟುಂಬದ್ದಾದರೂ ಮರ ಸಿಕ್ಕಲ್ಲಿ ಗೆಣ್ಣಿಗೊಂದು ಬೇರು ಬಿಟ್ಟು ಮೇಲೇರುತ್ತದೆ, ಬುಡದಲ್ಲಿ ಹುಟ್ಟಿದ ಹಬ್ಬು ಬಳ್ಳಿಗಳು ನೆಲದ ಮೇಲೆ ಉದ್ದುದ್ದ ಓಡುತ್ತವೆ. ಮನಿ ಪ್ಲಾಂಟ್ ಅಂತೂ ಕಣ್ಣೆದುರಿನ ಸಾಕ್ಷಿ: ಬಾಟಲಿಯಲ್ಲಿ ಅಂಗೈಯಷ್ಟಿರುವ ಅದರ ಎಲೆ, ಹಿತ್ತಲಿನ ತೆಂಗಿನ ಮರಕ್ಕೆ ಹತ್ತಿದ ಮೇಲೆ ಊಟದ ತಟ್ಟೆಗಿಂತ ಅಗಲವಾಗಿ, ಅಂಚಿನಲ್ಲಿ ಸೀಳಿಕೊಂಡು ಬೆಳೆಯುತ್ತದೆ. ಗಿಡ ಅದೇ, ಬದಲಾದದ್ದು ಆಸರೆ.

ಆದ್ದರಿಂದ ಮೊದಲು ನಿರ್ಧರಿಸಬೇಕಾದದ್ದು ಬಳ್ಳಿಯನ್ನು ಏರಿಸಬೇಕೋ ಬೇಡವೋ ಎಂಬುದನ್ನು. ಏರಿಸಿದರೆ ಎಲೆ ದೊಡ್ಡದಾಗುತ್ತದೆ, ಸೀಳು ಮತ್ತು ತೂತುಗಳು ಚೆನ್ನಾಗಿ ಮೂಡುತ್ತವೆ, ಗಿಡ ಗೋಡೆಗೆ ಒತ್ತಿಕೊಂಡು ನಿಲ್ಲುವುದರಿಂದ ನೆಲದ ಜಾಗ ಉಳಿಯುತ್ತದೆ; ಆದರೆ ಒಂದಲ್ಲ ಒಂದು ದಿನ ಅದು ಮಾಡನ್ನು, ಅಂದರೆ ಛಾವಣಿಯನ್ನು, ಮುಟ್ಟುತ್ತದೆ. ಆಸರೆ ಕೊಡದಿದ್ದರೆ ಎಲೆ ಚಿಕ್ಕದಾಗಿಯೇ ಉಳಿಯುತ್ತದೆ, ಬಳ್ಳಿ ಮಾತ್ರ ಅಡ್ಡಡ್ಡ ಹರಡಿ ಸುತ್ತಲಿನ ಒಂದೂವರೆ ಮೀಟರ್ ಜಾಗವನ್ನು ತನ್ನದಾಗಿಸಿಕೊಳ್ಳುತ್ತದೆ. ಜಗಲಿಯಂತಹ ಓಡಾಡುವ ಜಾಗಕ್ಕೆ ಏರಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಎಲೆಯೇ ಚಿಕ್ಕದಿರಬೇಕೆನ್ನುವವರು ಡೆಲಿಸಿಯೋಸಾ ಬಿಟ್ಟು ಅದೇ ಕುಲದ ಅಡನ್ಸೋನಿಯೈ ತಂದುಕೊಳ್ಳುವುದು ಒಳ್ಳೆಯದು. ದೊಡ್ಡ ಜಾತಿಯನ್ನು ತಂದು ಜೀವನವಿಡೀ ಅದರೊಡನೆ ಜಗಳವಾಡುವುದರಲ್ಲಿ ಅರ್ಥವಿಲ್ಲ.

ಆಸರೆಗೆ ಪೇಟೆಯ ಕಂಬವೇ ಆಗಬೇಕೆಂದಿಲ್ಲ. ಅಡಿಕೆ ಮರವನ್ನು ಸೀಳಿ ತೆಗೆದ ಮೂರು ಬೆರಳಗಲದ ದಬ್ಬೆಯೊಂದನ್ನು ಚೆನ್ನಾಗಿ ಒಣಗಿಸಿ, ಅದಕ್ಕೆ ತೆಂಗಿನ ನಾರನ್ನು ಒತ್ತಾಗಿ ಸುತ್ತಿದರೆ ಸಾಕು. ಕುಂಡದ ತಳ ಮುಟ್ಟುವಂತೆ ಊರಿ, ನೀರು ಹಾಕುವಾಗಲೆಲ್ಲ ನಾರನ್ನೂ ನೆನೆಸುತ್ತಿದ್ದರೆ ಗಾಳಿಬೇರುಗಳು ತಾವಾಗಿಯೇ ಅದರೊಳಗೆ ಇಳಿಯುತ್ತವೆ. ಕಾಂಡವನ್ನು ಮೆಣಸಿನ ಬಳ್ಳಿಗೆ ಕಟ್ಟುವಂತೆ ಒಣ ಬಾಳೆಪಟ್ಟೆಯಿಂದ ಸಡಿಲವಾಗಿ ಕಟ್ಟಬೇಕು. ಕಟ್ಟು ಬೀಳಬೇಕಾದದ್ದು ಕಾಂಡಕ್ಕೇ ಹೊರತು ಎಲೆತೊಟ್ಟಿಗಲ್ಲ, ಏಕೆಂದರೆ ತೊಟ್ಟು ಬೆಳಕಿನತ್ತ ತಿರುಗಲು ಸ್ವತಂತ್ರವಾಗಿರಬೇಕು. ಇಲ್ಲಿ ಒಂದು ಸಣ್ಣ ಗಮನ ಬಹಳ ಉಪಯೋಗಕ್ಕೆ ಬರುತ್ತದೆ. ಈ ಬಳ್ಳಿಗೆ ಬೆನ್ನು ಮತ್ತು ಮುಖ ಎಂಬುದಿದೆ: ಗಾಳಿಬೇರು ಹೊರಡುವುದು ಬೆನ್ನಿನ ಕಡೆ, ಎಲೆ ಚಾಚುವುದು ಮುಖದ ಕಡೆ. ಬೆನ್ನನ್ನು ದಬ್ಬೆಗೂ ಮುಖವನ್ನು ಕಿಟಕಿಗೂ ಮಾಡಿ ಇಟ್ಟ ಮೇಲೆ ಕುಂಡವನ್ನು ಪದೇ ಪದೇ ತಿರುಗಿಸಬಾರದು. ತಿರುಗಿಸಿದಷ್ಟೂ ತೊಟ್ಟುಗಳು ಹೊಸದಾಗಿ ಬೆಳಕನ್ನು ಹುಡುಕುತ್ತಾ ಸೊಟ್ಟಗೆ ಚಾಚಿಕೊಂಡು ಗಿಡದ ಅಗಲ ಹೆಚ್ಚುತ್ತದೆ.

ಬೆಳಕಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ಹೆಚ್ಚು ಎಚ್ಚರವಾಗಿರಬೇಕು. ಘಟ್ಟದ ಮೇಲಿನ ಹಳೆಯ ಮನೆಗಳ ಕಿಟಕಿಗಳು ಚಿಕ್ಕವು, ಮಾಡು ತಗ್ಗು. ಅದರ ಮೇಲೆ ಜೂನ್ ಬಂತೆಂದರೆ ಇರಚಲು ತಡೆಯಲು ಜಗಲಿಗೆ ತಟ್ಟಿಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಕಟ್ಟುತ್ತೇವೆ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಒಳಗೆ ತೇವ ಧಾರಾಳ, ಬೆಳಕು ಮಾತ್ರ ಇಲ್ಲ. ನಮ್ಮ ಬಳ್ಳಿಯ ಕಾಂಡವನ್ನು ಒಮ್ಮೆ ಬುಡದಿಂದ ತುದಿಯವರೆಗೆ ಬೆರಳಿಟ್ಟು ಅಳೆದಾಗ ಈ ಕಥೆ ಸ್ಪಷ್ಟವಾಗಿ ಕಂಡಿತು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹುಟ್ಟಿದ ಗೆಣ್ಣುಗಳ ನಡುವೆ ಎರಡು ಬೆರಳಿನ ಅಂತರವಿದ್ದರೆ, ತಟ್ಟಿ ಕಟ್ಟಿದ ಮೇಲೆ ಹುಟ್ಟಿದವುಗಳ ನಡುವೆ ಐದು ಬೆರಳು. ಅವುಗಳ ತೊಟ್ಟು ನನ್ನ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ, ಎಲೆಯಲ್ಲಿ ಸೀಳು ಎರಡೋ ಮೂರೋ. ಬಳ್ಳಿ ಕೈಮೀರಿ ಬೆಳೆಯಿತು ಎಂದು ನಾವು ಹೇಳುವುದರಲ್ಲಿ ಹೆಚ್ಚಿನ ಪಾಲು ಹೀಗೆ ಕತ್ತಲೆಯಲ್ಲಿ ಎಳೆದುಕೊಂಡ ಬೆಳವಣಿಗೆಯೇ ಆಗಿರುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮೊದಲು ಗಿಡವನ್ನು ಮನೆಯಲ್ಲಿ ಅತಿ ಹೆಚ್ಚು ಬೆಳಕಿರುವ ಕಿಟಕಿಗೆ ಒಂದು ಮೀಟರಿಗಿಂತ ಹತ್ತಿರಕ್ಕೆ ತರಬೇಕು, ಹೆಂಚಿನ ಮಾಡಾದರೆ ಗಾಜಿನ ಹೆಂಚಿನ ಕೆಳಗಿಡಬೇಕು. ಎರಡೂ ಸಾಧ್ಯವಿಲ್ಲದಿದ್ದರೆ ಬಿಳಿ ಎಲ್‌ಇಡಿ ದೀಪವೊಂದನ್ನು ತುದಿಯಿಂದ ಒಂದೆರಡು ಅಡಿ ಮೇಲೆ ತೂಗಿಬಿಟ್ಟು ದಿನಕ್ಕೆ ಹತ್ತು, ಹನ್ನೆರಡು ತಾಸು ಉರಿಸಬಹುದು. ಈ ನಾಲ್ಕು ತಿಂಗಳು ಗೊಬ್ಬರ ಬೇಡವೇ ಬೇಡ, ನೀರೂ ಮಣ್ಣು ಎರಡು ಇಂಚು ಆಳದವರೆಗೆ ಒಣಗಿದ ಮೇಲೆಯೇ.

ಕಾರವಾರದಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿ ಫ್ಲ್ಯಾಟ್ ಒಂದರಲ್ಲಿರುವ ನನ್ನ ತಂಗಿಯ ಮನೆಯ ಬಾಲ್ಕನಿ ಪಶ್ಚಿಮಕ್ಕಿದೆ. ಮಾರ್ಚ್ ನಂತರದ ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದು ಎಲೆಗಳಲ್ಲಿ ಕಂದು ಕಲೆಗಳೆದ್ದವು, ಸಮುದ್ರದ ಗಾಳಿ ತಂದ ಉಪ್ಪು ಎಲೆಯ ಮೇಲೆ ತೆಳ್ಳಗೆ ಕೂತಿತು. ಗಿಡವನ್ನು ತೆಳು ಬಿಳಿ ಪರದೆಯ ಒಳಗೆ ತಂದು, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಮೈ ಒರೆಸತೊಡಗಿದ ಮೇಲೆ ಹೊಸ ಎಲೆಗಳು ಕಲೆಯಿಲ್ಲದೆ ಬಂದವು. ಕರಾವಳಿಯಲ್ಲಿ ಬಾವಿಯ ನೀರು ಬೇಸಿಗೆಯಲ್ಲಿ ಸವಳಾದರೆ ಎಲೆಯ ತುದಿ ಸುಡುತ್ತದೆ, ಅಂತಹ ಮನೆಗಳಲ್ಲಿ ಮಳೆನೀರು ಹಿಡಿದಿಟ್ಟು ಬಳಸುವುದು ಮೇಲು. ಅಲ್ಲಿ ಚಳಿ ಇಲ್ಲದ ಕಾರಣ ಬಳ್ಳಿ ಡಿಸೆಂಬರ್‌ನಲ್ಲೂ ಬೆಳೆಯುತ್ತಲೇ ಇರುತ್ತದೆ. ಶಿರಸಿಯ ಚಳಿಯ ರಾತ್ರಿಗಳಲ್ಲಿ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ.

ಇನ್ನು ಕತ್ತರಿಸುವ ವಿಷಯ. ಒಮ್ಮೆ ಬಲಿತ ಎಲೆ ಮತ್ತೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಎತ್ತರ ಇಳಿಸಲು ಇರುವುದು ಕಾಂಡವನ್ನು ಕಡಿಯುವ ದಾರಿಯೊಂದೇ. ಇದಕ್ಕೆ ಶಿವರಾತ್ರಿಯಿಂದ ಯುಗಾದಿಯ ನಡುವಿನ ಕಾಲ ಅತ್ಯುತ್ತಮ, ಅದು ತಪ್ಪಿದರೆ ಮಳೆ ಬಿಟ್ಟ ಮೇಲೆ ದೀಪಾವಳಿಯ ಹೊತ್ತಿಗೆ. ಮಳೆಗಾಲದಲ್ಲಿ ಮಾಡಿದ ಗಾಯ ಒಣಗದೆ ಕೊಳೆಯುತ್ತದೆ. ಹರಿತವಾದ ಚೂರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಂಡು, ಉಳಿಸಿಕೊಳ್ಳಬೇಕಾದ ಎತ್ತರದ ಗೆಣ್ಣನ್ನು ಆರಿಸಿ, ಅದರಿಂದ ಅರ್ಧ ಇಂಚು ಮೇಲೆ ಒಂದೇ ಎಳೆತಕ್ಕೆ ಕತ್ತರಿಸಬೇಕು. ಪ್ರತಿ ಗೆಣ್ಣಿನಲ್ಲೂ ಎಲೆತೊಟ್ಟಿನ ಬುಡಕ್ಕೆ ಅಂಟಿಕೊಂಡು ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಕಣ್ಣು ಇರುತ್ತದೆ. ಹೊಸ ಚಿಗುರು ಒಂದೆರಡು ತಿಂಗಳಲ್ಲಿ ಹೊರಡುವುದು ಅಲ್ಲಿಂದಲೇ, ಮತ್ತು ಅದರ ಮೊದಲ ಕೆಲವು ಎಲೆಗಳು ಚಿಕ್ಕವಾಗಿಯೇ ಇರುತ್ತವೆ. ಒಂದು ಸಲಕ್ಕೆ ಒಟ್ಟು ಎಲೆಗಳ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಅಡ್ಡ ಬರುವ ಗಾಳಿಬೇರುಗಳನ್ನು ಕತ್ತರಿಸಿದರೆ ಹಾನಿಯಿಲ್ಲವಾದರೂ ಕೆಳಗಿನವನ್ನು ಮಣ್ಣಿಗೆ ಇಳಿಸುವುದು ಗಿಡಕ್ಕೆ ಹಿತ.

ಈ ಬಳ್ಳಿಯ ಸೊನೆಯಲ್ಲಿ ಕೆಸುವಿನಲ್ಲಿರುವಂತಹದೇ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಸುವರ್ಣಗಡ್ಡೆ ಹೆಚ್ಚುವ ಮೊದಲು ಮಾಡುವಂತೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ಅಥವಾ ಕೈಗವಸು ಹಾಕಿಕೊಳ್ಳುವುದು ಅಗತ್ಯ. ಚಿಕ್ಕ ಮಕ್ಕಳು, ನಾಯಿ, ಬೆಕ್ಕುಗಳು ಎಲೆ ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ, ಆದ್ದರಿಂದ ಕತ್ತರಿಸಿದ ತುಂಡುಗಳನ್ನು ನೆಲದ ಮೇಲೆ ಬಿಡಬಾರದು.

ಕತ್ತರಿಸಿದ ತುದಿಯಿಂದ ಹೊಸ ಗಿಡ ಬೇಕೆಂದರೆ ತುಂಡಿನಲ್ಲಿ ಕನಿಷ್ಠ ಒಂದು ಗೆಣ್ಣಾದರೂ ಇರಲೇಬೇಕು. ಮೊದಲ ಸಲ ನಾನು ಚೆಂದದ ಎಲೆಯೊಂದನ್ನು ತೊಟ್ಟಿನ ಸಮೇತ ಕಿತ್ತು ನೀರಿನಲ್ಲಿಟ್ಟಿದ್ದೆ. ಅದು ಎರಡು ತಿಂಗಳು ಹಸಿರಾಗಿಯೇ ನಿಂತು, ಕೊನೆಗೆ ಬುಡ ಲೋಳೆಯಾಗಿ ಬಿತ್ತು. ಕಣ್ಣಿಲ್ಲದ ತೊಟ್ಟಿನಿಂದ ಚಿಗುರು ಬರುವ ದಾರಿಯೇ ಇಲ್ಲ. ಗೆಣ್ಣು ಮತ್ತು ಒಂದು ಗಾಳಿಬೇರು ಇರುವ ತುಂಡನ್ನು ಒಂದು ದಿನ ನೆರಳಿನಲ್ಲಿ ಒಣಗಿಸಿ ನೀರಿನಲ್ಲಿಟ್ಟು, ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದರೆ ಸುಮಾರು ಒಂದು ತಿಂಗಳಲ್ಲಿ ಬೇರು ಬರುತ್ತದೆ.

ಕುಂಡವನ್ನು ದೊಡ್ಡದು ಮಾಡದೆಯೂ ಗಿಡವನ್ನು ಆರೋಗ್ಯವಾಗಿ ಇಟ್ಟುಕೊಳ್ಳಬಹುದು. ಎರಡು ವರ್ಷಕ್ಕೊಮ್ಮೆ, ಬೇಸಿಗೆಯ ಆರಂಭದಲ್ಲಿ, ಬೇರಿನ ಮುದ್ದೆಯನ್ನು ಹೊರತೆಗೆದು ಹೊರಗಿನ ಸುತ್ತು ಬೇರುಗಳಲ್ಲಿ ಕಾಲು ಭಾಗವನ್ನು ಕತ್ತರಿಸಿ, ಹೊಸ ಮಣ್ಣಿನೊಡನೆ ಅದೇ ಕುಂಡದಲ್ಲಿ ನೆಡಬೇಕು. ಕಾಂಡ ಕಡಿದ ದಿನವೇ ಬೇರನ್ನೂ ಕಡಿಯದೆ ನಡುವೆ ಒಂದು ತಿಂಗಳು ಬಿಡುವುದು ಒಳ್ಳೆಯದು. ನಮ್ಮ ಕೆಂಪು ಮಣ್ಣು ಒಂದೇ ಆದರೆ ನೀರಿಗೆ ಅಂಟಾಗಿ ಬೇರಿಗೆ ಉಸಿರು ಕಟ್ಟುತ್ತದೆ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಎರಡು ಪಾಲು ದಪ್ಪ ಮರಳು ಮತ್ತು ತೆಂಗಿನ ಸಿಪ್ಪೆಯ ಚೂರು ಸೇರಿಸಿದರೆ ಹದವಾಗುತ್ತದೆ. ಸಿಪ್ಪೆಯನ್ನು ಮೊದಲು ಎರಡು ದಿನ ನೆನೆಸಿ, ನೀರು ಚೆಲ್ಲಿ, ತೊಳೆದುಕೊಂಡರೆ ಅದರಲ್ಲಿನ ಉಪ್ಪು ಹೋಗುತ್ತದೆ. ಇದರ ನಂತರ ವರ್ಷಕ್ಕೆ ಎರಡು ಮುಷ್ಟಿ ಎರೆಗೊಬ್ಬರ ಸಾಕು, ಯೂರಿಯಾದ ಗೊಡವೆ ಬೇಡ.

ಗಿಡ ಮಾಡಿಕೊಳ್ಳದೆ ಉಳಿದ ಕಾಂಡದ ತುಂಡುಗಳನ್ನು ಹಳ್ಳದ ದಂಡೆಗೋ ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟಕ್ಕೋ ಎಸೆಯಬಾರದು. ನಮ್ಮ ತೇವದಲ್ಲಿ ಒಂದೇ ಗೆಣ್ಣಿನಿಂದ ಬೇರು ಬಿಟ್ಟು ಕಾಡಿನ ಮರವನ್ನು ಹತ್ತಲು ಇಂತಹ ಬಳ್ಳಿಗೆ ಹೆಚ್ಚು ದಿನ ಬೇಕಾಗುವುದಿಲ್ಲ. ಅವನ್ನು ಗೆಣ್ಣಿನ ಮೇಲೆಯೇ ಉದ್ದಕ್ಕೆ ಸೀಳಿ, ಅಂಗಳದ ಬಿಸಿಲಿನಲ್ಲಿ ಮುರಿದರೆ ಚಟ್ಟೆನ್ನುವಷ್ಟು ಒಣಗಿಸಿ, ಆಮೇಲೆ ಗೊಬ್ಬರಗುಂಡಿಗೆ ಹಾಕಬೇಕು.