ಓದಲು ಜರ್ಮನಿಗೆ ಹೊರಟಿದ್ದೀರಾ? ಮೊದಲು ಬಾಯಿಬಿಟ್ಟು ಕೇಳುವುದು ಕಲಿಯಿರಿ

ಪಕ್ಕದ ಮನೆ ಹುಡುಗ ಬರುವ ಅಕ್ಟೋಬರ್‌ಗೆ ಜರ್ಮನಿಗೆ ಹೊರಡುತ್ತಿದ್ದಾನೆ. ರಜೆಗೆ ಮಂಡ್ಯಕ್ಕೆ ಬಂದಿರುವ ನನ್ನನ್ನು ಹಿಡಿದು, 'ಅಕ್ಕ, ಏನೇನು ತಗೊಂಡು ಹೋಗ್ಬೇಕು ಹೇಳಿ' ಅಂತ ಕೂತುಬಿಟ್ಟ. ಪಟ್ಟಿ ಬರೆಯಲು ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿದೆ. ಕುಕ್ಕರ್, ಜರ್ಕಿನ್ ಎಲ್ಲ ಅಲ್ಲೂ ಸಿಗುತ್ತವೆ. ನನಗೆ ಅಲ್ಲಿ ಆದ ತೊಂದರೆಗಳಲ್ಲಿ ಮುಕ್ಕಾಲು ಪಾಲು, ಕೇಳಬೇಕಾದ್ದನ್ನು ಕೇಳದೆ ಸುಮ್ಮನೆ ಕೂತಿದ್ದಕ್ಕೆ ಆದದ್ದು. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನದೋ ಅಪ್ಪನದೋ ಇನಿಷಿಯಲ್ ಮಾತ್ರ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆದಿರುತ್ತಾರೆ, ಇಲ್ಲವೇ ಸರ್‌ನೇಮ್ ಜಾಗವನ್ನೇ ಖಾಲಿ ಬಿಟ್ಟಿರುತ್ತಾರೆ. ಊರಲ್ಲಿ ಇದರಿಂದ ಯಾರಿಗೂ ತಲೆನೋವಿಲ್ಲ. ಅಲ್ಲಿ ಒಂದೊಂದು ಫಾರಂಗೂ ಸಮಜಾಯಿಷಿ ಕೊಡುತ್ತಾ ಕೂರಬೇಕಾಗುತ್ತದೆ. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ. ನಮ್ಮ ಅಂಕಪಟ್ಟಿಗಳು ಅಸಲಿಯೋ ಅಂತ ನೋಡಿ ಕೊಡುವ ಕಾಗದ ಅದು. ಅದಕ್ಕೆ ಅರ್ಜಿ ಹಾಕುವ ಮುಂಚೆಯೇ ಹೆಸರು ಎಲ್ಲ ಕಡೆ ಒಂದೇ ಥರ ಇದೆಯಾ ನೋಡಿಕೊಳ್ಳಿ.

ಆಮೇಲೆ ದುಡ್ಡು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ನಿಜ. (ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ, ಅರ್ಜಿ ಹಾಕುವಾಗ ನೆನಪಿರಲಿ.) ಆದರೆ ಒಂದು ವರ್ಷದ ಖರ್ಚನ್ನು, ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಬ್ಲಾಕ್ಡ್ ಅಕೌಂಟ್‌ನಲ್ಲಿ ಮೊದಲೇ ಇಡಬೇಕು. 2023ರಲ್ಲಿ ನಾನು ಹೋದಾಗ ಅದು 11,208 ಯೂರೋ ಇತ್ತು. 2024ರ ಸೆಪ್ಟೆಂಬರ್‌ನಿಂದ 11,904 ಆಯಿತು, ಅಂದರೆ ತಿಂಗಳಿಗೆ ಕೈಗೆ ಬರುವುದು 992. ನಮ್ಮ ರೂಪಾಯಿಯಲ್ಲಿ ಹತ್ತು ಲಕ್ಷ ದಾಟುತ್ತದೆ. ಅಪ್ಪ 'ದುಡ್ಡಿನ ಚಿಂತೆ ನಿನಗ್ಯಾಕೆ, ಓದು' ಅಂದಿದ್ದರು, ನಾನೂ ಕೇಳಲಿಲ್ಲ. ಜಮೀನಿನ ಪತ್ರ ಇಟ್ಟು ಸಾಲ ಮಾಡಿದ್ದಾರೆ ಅಂತ ಆರು ತಿಂಗಳ ಮೇಲೆ ಚಿಕ್ಕಪ್ಪನ ಬಾಯಿಂದ ಗೊತ್ತಾಯಿತು. ನೀವು ಹಾಗೆ ಮಾಡಬೇಡಿ. ಹೊರಡುವ ಮುಂಚೆ ಒಂದು ದಿನ ಅಪ್ಪ ಅಮ್ಮನ ಜೊತೆ ಕೂತು ಕೇಳಿ: ಎಷ್ಟು ಸಾಲ, ಯಾರ ಹತ್ತಿರ, ಬಡ್ಡಿ ಎಷ್ಟು, ಕಂತು ಯಾವಾಗಿಂದ. ಅವರು ಹೇಳಲು ಹಿಂಜರಿಯುತ್ತಾರೆ. ಬಿಡದೆ ಕೇಳಿ. ಲೆಕ್ಕ ಗೊತ್ತಿದ್ದರೆ ಅಲ್ಲಿ ಒಂದು ಕಾಫಿ ಕುಡಿಯುವಾಗಲೂ ಕೈ ಅಳತೆಯಲ್ಲಿರುತ್ತದೆ.

ಈಗ ನನ್ನ ಮೊದಲ ಭಾನುವಾರದ ಕಥೆ. ನಾನು ಹಾಸ್ಟೆಲ್ ತಲುಪಿದ್ದು ಶನಿವಾರ ರಾತ್ರಿ. ಭಾನುವಾರ ಅಲ್ಲಿ ದಿನಸಿ ಅಂಗಡಿಗಳೆಲ್ಲ ಬಂದ್. ದೊಡ್ಡ ರೈಲ್ವೆ ಸ್ಟೇಷನ್‌ನಲ್ಲಿ ಮಾತ್ರ ಒಂದೆರಡು ತೆರೆದಿರುತ್ತವೆ, ಅದೂ ನನಗೆ ಗೊತ್ತಿರಲಿಲ್ಲ. ಬ್ಯಾಗಲ್ಲಿ ಚಟ್ನಿಪುಡಿ, ಕೋಡುಬಳೆ ಬಿಟ್ಟರೆ ಏನಿಲ್ಲ. ಅಡುಗೆಮನೆ ಎಲ್ಲರಿಗೂ ಒಂದೇ. ಅಲ್ಲಿ ಲೈಪ್‌ಜಿಗ್ ಕಡೆಯ ಒಬ್ಬ ಹುಡುಗಿ ಆಲೂಗಡ್ಡೆ ಬೇಯಿಸುತ್ತಿದ್ದಳು. 'ತಿಂತೀಯಾ?' ಅಂದಳು. ಹೊಟ್ಟೆ ಚುರ್‌ಗುಟ್ಟುತ್ತಿದ್ದರೂ ನಮ್ಮೂರ ಅಭ್ಯಾಸದಂತೆ 'ಬೇಡ ಬೇಡ, ಆಯ್ತು' ಅಂದುಬಿಟ್ಟೆ. ನಮ್ಮಲ್ಲಿ ಬೇಡ ಅಂದರೆ ಇನ್ನೆರಡು ಸಲ ಬಲವಂತ ಮಾಡುತ್ತಾರೆ ಅಲ್ವಾ? ಅವಳು ಸರಿ ಅಂತ ನಕ್ಕು, ತನ್ನ ತಟ್ಟೆಗೆ ಹಾಕಿಕೊಂಡು ಊಟಕ್ಕೆ ಕೂತಳು. ನಾನು ರೂಮಿಗೆ ಬಂದು ಕೋಡುಬಳೆ ತಿಂದು ಮಲಗಿದೆ. ಅವಳದೇನೂ ತಪ್ಪಿಲ್ಲ. ಅಲ್ಲಿ ಬೇಡ ಅಂದರೆ ಬೇಡ ಅಂತಲೇ ಅರ್ಥ. ಅದು ಗೊತ್ತಾದ ಮೇಲೆ ಬೇಕಾದ್ದಕ್ಕೆ ಬೇಕು, ಆಗದ್ದಕ್ಕೆ ಆಗಲ್ಲ ಅನ್ನುವುದನ್ನು ರೂಢಿ ಮಾಡಿಕೊಂಡೆ. ಮೊದಮೊದಲು ಒರಟಾಗಿ ಮಾತಾಡಿದ ಹಾಗೆ ಅನ್ನಿಸುತ್ತಿತ್ತು.

ಕೇಳಬೇಕು ಅಂದರೆ ಭಾಷೆ ಬೇಕು. ಪಾಠ ಇಂಗ್ಲಿಷ್‌ನಲ್ಲೇ ನಡೆಯಬಹುದು, ಆದರೆ ಮನೆ ಓನರ್, ಸರ್ಕಾರಿ ಆಫೀಸು, ಮೆಡಿಕಲ್ ಶಾಪು ಎಲ್ಲ ಕಡೆ ಜರ್ಮನ್ನೇ. ಇಲ್ಲಿಂದಲೇ ಎ2 ಹಂತದವರೆಗೆ (ಶುರುವಿನಿಂದ ಎರಡನೇ ಹಂತ) ಕಲಿತು ಹೋಗಿ. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಮಂಡ್ಯದಿಂದ ಬೆಳಗಿನ ರೈಲು ಹತ್ತಿ ಹೋಗಿ ಬರುವುದು ಕಷ್ಟ ಅನ್ನುವವರು ಆನ್‌ಲೈನ್‌ನಲ್ಲಾದರೂ ಕಲಿಯಿರಿ. ಹೋದ ಮೇಲೆ ಮೊದಲ ಕೆಲಸ ಆನ್‌ಮೆಲ್ಡುಂಗ್. ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಓನರ್ ಸಹಿ ಮಾಡಿದ ಕಾಗದ ಬೇಕು. ಈ ಕಾಗದ ಕೊಡಲ್ಲ ಅನ್ನುವವರ ಮನೆಗೆ ಅಡ್ವಾನ್ಸ್ ಕೊಡಲೇಬೇಡಿ.

ಓದಿನ ವಿಷಯಕ್ಕೆ ಬರುತ್ತೇನೆ, ಇದು ನನಗೆ ಜಾಸ್ತಿ ನೋವು ಕೊಟ್ಟದ್ದು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಇಂಟರ್ನಲ್ಸ್ ಇರುತ್ತಿತ್ತು, ಹಿಂದೆ ಬಿದ್ದರೆ ಲೆಕ್ಚರರ್ರೇ ಕರೆದು ಬೈಯುತ್ತಿದ್ದರು. ಅಲ್ಲಿ ಹೆಚ್ಚಿನ ವಿಷಯಗಳಿಗೆ ಸೆಮಿಸ್ಟರ್ ಕೊನೆಯಲ್ಲಿ ಒಂದೇ ಪರೀಕ್ಷೆ. ಅದಕ್ಕೂ ನಾವೇ ಗಡುವಿನೊಳಗೆ ಹೆಸರು ನೋಂದಾಯಿಸಬೇಕು, ಮರೆತರೆ ಯಾರೂ ನೆನಪಿಸುವುದಿಲ್ಲ. 1.0 ಅಂದರೆ ಅತ್ಯುತ್ತಮ, 4.0ರವರೆಗೆ ಪಾಸು. ಮೊದಲ ಸೆಮಿಸ್ಟರ್‌ನ ಒಂದು ವಿಷಯದಲ್ಲಿ ನನಗೆ ಬಂದದ್ದು 5.0. ನಾಲ್ಕನೇ ವಾರದಿಂದಲೇ ಆ ಪಾಠ ಅರ್ಥವಾಗುತ್ತಿರಲಿಲ್ಲ. ಪ್ರೊಫೆಸರ್ ಪ್ರತಿ ವಾರ ಒಂದು ಗಂಟೆ ವಿದ್ಯಾರ್ಥಿಗಳಿಗೆಂದೇ ಇಡುತ್ತಾರೆ, ಶ್ಪ್ರೆಖ್‌ಶ್ಟುಂಡೆ ಅನ್ನುತ್ತಾರೆ. ದಡ್ಡಿ ಅಂದುಕೊಂಡಾರು ಅಂತ ಒಂದು ದಿನವೂ ಹೋಗಲಿಲ್ಲ.

ಫೇಲಾದ ಮೇಲೆ ಹೋದೆ. ತಿದ್ದಿದ ಉತ್ತರ ಪತ್ರಿಕೆ ತೋರಿಸಲು ಅಲ್ಲಿ ಒಂದು ದಿನ ಇಡುತ್ತಾರೆ, ತಪ್ಪದೆ ಹೋಗಿ. ನನ್ನ ಪತ್ರಿಕೆಯಲ್ಲಿ ಲೆಕ್ಕ ಸರಿ ಇತ್ತು, ಯಾಕೆ ಹಾಗೆ ಮಾಡಿದೆ ಅಂತ ಬರೆದಿರಲಿಲ್ಲ. ಅರ್ಧ ಗಂಟೆ ಕೂರಿಸಿಕೊಂಡು ಹೇಳಿಕೊಟ್ಟರು. ಮತ್ತೆ ಬರೆಯಲು ಎಷ್ಟು ಅವಕಾಶ ಇದೆ ಅಂತ ನಿಮ್ಮ ಕೋರ್ಸಿನ ನಿಯಮದಲ್ಲಿ ಮೊದಲ ವಾರವೇ ಓದಿಕೊಳ್ಳಿ. ಎಣಿಸಿದಷ್ಟೇ ಸಲ ಬಿಡುತ್ತಾರೆ, ಕೊನೆಯದೂ ಹೋದರೆ ಆ ಕೋರ್ಸನ್ನೇ ಬಿಡಬೇಕಾಗುತ್ತದೆ.

ಮನೆಗೆ ಹೇಳಲು ನನಗೆ ಮೂರು ವಾರ ಹಿಡಿಯಿತು. ದಿನಾ ಫೋನಲ್ಲಿ 'ಎಲ್ಲಾ ಚೆನ್ನಾಗಿದೆ' ಅನ್ನುತ್ತಿದ್ದೆ. ಕೊನೆಗೆ ಒಂದು ದಿನ ಅಳು ತಡೆಯಲಾಗದೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಮತ್ತೆ ಯಾವಾಗ ಪರೀಕ್ಷೆ?' ಅಂದರು. ಹೇಳಿದೆ. 'ಸರಿ ಬಿಡು. ಊಟ ಮಾಡಿದ್ಯಾ?' ಅಂದರು. ಅಷ್ಟೇ. ಆ ರಾತ್ರಿ ನಿದ್ದೆ ಬಂತು.

ಫೋನ್ ಮಾಡುವ ಹೊತ್ತನ್ನೂ ನೋಡಿಕೊಳ್ಳಿ. ಬೇಸಿಗೆಯಲ್ಲಿ ನಾವು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಸಂಜೆ ಆರಕ್ಕೆ ಮಾಡಿದರೆ ಇಲ್ಲಿ ರಾತ್ರಿ ಹತ್ತೂವರೆ, ಅಮ್ಮ ನಿದ್ದೆಗೆಟ್ಟು ಕಾಯುತ್ತಿದ್ದರು. ಕೇಳಿದ ಮೇಲೆ ಗೊತ್ತಾಯಿತು, ಆಮೇಲೆ ಬೆಳಗ್ಗೆ ಕ್ಲಾಸಿಗೆ ಹೊರಡುವ ಮುಂಚೆ ಮಾಡತೊಡಗಿದೆ.

ಇನ್ನು ಸಾಮಾನು. ತುಪ್ಪ, ಹಾಲಿನ ಪದಾರ್ಥ, ಮಾಂಸ, ಹಸಿ ಕರಿಬೇವು ಒಯ್ಯಬೇಡಿ, ಬಿಡುವುದಿಲ್ಲ. ರಾಗಿ ಹಿಟ್ಟು, ಸಾರಿನ ಪುಡಿ ಇಟ್ಟುಕೊಳ್ಳಿ. ಮುದ್ದೆ ಕೋಲನ್ನು ದೊಡ್ಡ ಸೂಟ್‌ಕೇಸಿಗೇ ಹಾಕಿ. ಡಿಸೆಂಬರ್‌ನಲ್ಲಿ, ಸಂಜೆ ನಾಲ್ಕಕ್ಕೇ ಕತ್ತಲಾಗುವ ಕಾಲದಲ್ಲಿ, ನಾನು ಮುದ್ದೆ ಮಾಡಲು ಹೋದೆ. ನುಣ್ಣನೆ ಗಾಜಿನ ಒಲೆ, ತೊಳಸಲು ಹೋದರೆ ಪಾತ್ರೆ ಜಾರುತ್ತದೆ. ಅದೇ ಲೈಪ್‌ಜಿಗ್ ಹುಡುಗಿ ಪಕ್ಕದಲ್ಲಿದ್ದಳು. 'ಸ್ವಲ್ಪ ಗಟ್ಟಿಯಾಗಿ ಹಿಡ್ಕೋತೀಯಾ?' ಅಂತ ಕೇಳಿದೆ. ಎರಡೂ ಕೈಯಲ್ಲಿ ಬಟ್ಟೆ ಹಿಡಿದು, ಪಾತ್ರೆಯನ್ನು ಅಲುಗಾಡದ ಹಾಗೆ ಒತ್ತಿಕೊಂಡು ನಿಂತಳು. ತೊಳಸಿ, ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿದೆ. ಅಗಿಯಬೇಡ, ಸಾರಲ್ಲಿ ಅದ್ದಿ ನುಂಗು ಅಂತ ತೋರಿಸಿಕೊಟ್ಟೆ. ಅರ್ಧ ಮುದ್ದೆ ಮುಗಿಸಿದಳು. ಸಾಕಾ ಅಂದಿದ್ದಕ್ಕೆ ತಟ್ಟೆ ಮುಂದೆ ಮಾಡಿ, 'ಇನ್ನೂ ಬೇಕು' ಅಂದಳು.